ಕಡಲ ತೀರದ ಹಳ್ಳಿಗಳಲ್ಲಿ ಕೊರೊನಾ ಕಾಲದಲ್ಲಿ ಮನೆ ಯಾಕೆ ಕೈಗೆ ಸಿಗದೆ ಹೋಯಿತು?

ಪ್ರಶ್ನೆ: ನಾನು ನಗರ ಮತ್ತು ಗ್ರಾಮ ಯೋಜನೆ ಓದುತ್ತಿರುವ ವಿದ್ಯಾರ್ಥಿನಿ. ಕೊರೊನಾ ಕಾಲದಲ್ಲಿ ಕಡಲ ತೀರದ ಹಳ್ಳಿಗಳಲ್ಲಿ ಮನೆ ಬೆಲೆ, ಬಾಡಿಗೆ ಎರಡೂ ಏರಿ ಅಲ್ಲಿನವರಿಗೇ ಮನೆ ಸಿಗದ ಹಾಗಾಯ್ತು ಅಂತ ಬೇರೆ ಬೇರೆ ದೇಶಗಳ ವರದಿಗಳಲ್ಲಿ ಓದಿದೆ. ನನಗೆ ಇದು ಅರ್ಥವಾಗುತ್ತಿಲ್ಲ. ಪ್ರವಾಸವೇ ನಿಂತಿತ್ತು, ಕೆಲಸಗಳು ಹೋಗಿದ್ದವು. ಹಾಗಾದರೆ ಬೆಲೆ ಇಳಿಯಬೇಕಿತ್ತಲ್ವಾ? ಇನ್ನೊಂದು ವಿಷಯ, ಮನೆ ಕಡಿಮೆ ಇದ್ದರೆ ಹೊಸದಾಗಿ ಕಟ್ಟಿದರೆ ಆಯ್ತಲ್ವಾ? ಇದರ ಮೇಲೆ ಒಂದು ಸಣ್ಣ ಅಧ್ಯಯನ ಮಾಡಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ: ಬೆಲೆ ಇಳಿಯಬೇಕಿತ್ತು ಅಂತ ನಿಮಗೆ ಅನಿಸಿದ್ದರಲ್ಲಿ ತಪ್ಪಿಲ್ಲ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಜಾಗತಿಕ ಪಿಡುಗಾಗಿದೆ ಎಂದು ಘೋಷಿಸಿದಾಗ, ಮನೆ ಮಾರುಕಟ್ಟೆಯನ್ನು ವರ್ಷಗಟ್ಟಲೆ ನೋಡಿದ ಎಷ್ಟೋ ಜನ ಹಾಗೇ ಅಂದುಕೊಂಡಿದ್ದರು. ಮೊದಲ ಕೆಲವು ವಾರ ಕಂಡದ್ದೂ ಅದೇ. ಅಮೆರಿಕದ ನಾರ್ತ್ ಕೆರೊಲಿನಾದ ಔಟರ್ ಬ್ಯಾಂಕ್ಸ್ ದ್ವೀಪಗಳಲ್ಲಿ ಡೇರ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಆಡಳಿತ ದಾರಿಗಳಲ್ಲಿ ತಪಾಸಣೆ ಇಟ್ಟು ಪ್ರವಾಸಿಗರನ್ನು ತಡೆಯಿತು. ಕೆಲವೇ ದಿನಗಳಲ್ಲಿ, ಅಲ್ಲಿ ಮನೆ ಇಟ್ಟುಕೊಂಡು ಬೇರೆ ಊರಲ್ಲಿ ವಾಸವಿದ್ದ ಮಾಲೀಕರನ್ನೂ ಒಳಗೆ ಬಿಡಲಿಲ್ಲ. ಮೇನ್ ರಾಜ್ಯದ ವೈನಲ್‌ಹೇವನ್ ದ್ವೀಪದಲ್ಲಂತೂ ಹೊರ ರಾಜ್ಯದಿಂದ ಬಂದವರು ಓಡಾಡದಿರಲಿ ಎಂದು ಮರ ಕಡಿದು ದಾರಿಗೆ ಅಡ್ಡ ಹಾಕಿದರು. ಹತ್ತಿರದಲ್ಲಿ ದೊಡ್ಡ ಆಸ್ಪತ್ರೆ ಇಲ್ಲದ ಊರುಗಳು. ಅವರ ಭಯಕ್ಕೆ ಕಾರಣ ಇತ್ತು.

ಆದರೆ ಮೂರ್ನಾಲ್ಕು ತಿಂಗಳಲ್ಲಿ ಗಾಳಿ ತಿರುಗಿತು. ಅದೇ ಊರುಗಳಲ್ಲಿ ಜನ ಮನೆಯನ್ನು ಕಣ್ಣಿಂದಲೂ ನೋಡದೆ, ಮೊಬೈಲಿನ ವಿಡಿಯೋ ನೋಡಿಯೇ ಕೊಂಡುಕೊಳ್ಳತೊಡಗಿದರು.

ಯಾಕೆ? ಕೆಲಸ ಹೋದದ್ದು ಎಲ್ಲರದ್ದೂ ಅಲ್ಲ. ಹೋಟೆಲ್, ದೋಣಿ, ಅಂಗಡಿ, ಮೀನು ಮಾರಾಟ ಇಂಥ ಕೆಲಸದವರ ಸಂಪಾದನೆ ನಿಂತಿತು. ಕಂಪ್ಯೂಟರ್ ಮುಂದೆ ಕೂತು ದುಡಿಯುವವರ ಸಂಬಳ ತಿಂಗಳು ತಿಂಗಳು ಬರುತ್ತಲೇ ಇತ್ತು. ಅವರಿಗೆ ಓಡಾಟದ ಖರ್ಚಿಲ್ಲ, ವಿದೇಶ ಪ್ರವಾಸ ಇಲ್ಲ, ದುಡ್ಡು ಉಳಿಯಿತು. ಆಫೀಸಿಗೆ ಹೋಗಬೇಕಾಗಿಯೂ ಇರಲಿಲ್ಲ. ಅದರ ಮೇಲೆ ಸಾಲ ಹಿಂದೆಂದೂ ಇಲ್ಲದಷ್ಟು ಅಗ್ಗವಾಯಿತು. 2020ರ ಮಾರ್ಚ್‌ನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಬಡ್ಡಿ ದರವನ್ನು ಹೆಚ್ಚುಕಡಿಮೆ ಸೊನ್ನೆಗೆ ಇಳಿಸಿತು. ಬ್ಯಾಂಕ್ ಆಫ್ ಇಂಗ್ಲೆಂಡ್ ಶೇ. 0.1ಕ್ಕೆ ತಂದಿತು. 2021ರ ಜನವರಿ ಹೊತ್ತಿಗೆ ಅಮೆರಿಕದಲ್ಲಿ 30 ವರ್ಷದ ಗೃಹ ಸಾಲದ ಸರಾಸರಿ ಬಡ್ಡಿ ಶೇ. 2.65. ಅಷ್ಟು ಕಡಿಮೆ ದರ ಅಲ್ಲಿಯವರೆಗೆ ದಾಖಲಾಗಿರಲೇ ಇಲ್ಲ. ನಗರದ ಚಿಕ್ಕ ಫ್ಲಾಟಿನಲ್ಲಿ ಲಾಕ್‌ಡೌನ್ ಕಳೆದವರಿಗೆ ಕಿಟಕಿಯಾಚೆ ಸಮುದ್ರ ಕಾಣುವ ಮನೆ ಬೇಕೆನಿಸಿದರೆ ಅದರಲ್ಲಿ ಆಶ್ಚರ್ಯ ಇಲ್ಲ. ಅವರನ್ನು ದೂರುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ.

ಸರ್ಕಾರಗಳ ಪಾಲೂ ಇದರಲ್ಲಿ ಇದೆ. 2020ರ ಜುಲೈ 8ರಂದು ಇಂಗ್ಲೆಂಡಿನಲ್ಲಿ ಮನೆ ಖರೀದಿಯ ಸ್ಟ್ಯಾಂಪ್ ಡ್ಯೂಟಿಗೆ ರಜೆ ಕೊಟ್ಟರು. ಮೊದಲು 1,25,000 ಪೌಂಡ್ ವರೆಗೆ ಮಾತ್ರ ಇದ್ದ ವಿನಾಯಿತಿ ಒಂದೇ ಏಟಿಗೆ 5,00,000 ಪೌಂಡ್‌ಗೆ ಏರಿತು. ಪೂರ್ತಿ ವಿನಾಯಿತಿ 2021ರ ಜೂನ್ ಕೊನೆಯವರೆಗೂ ನಡೆಯಿತು. ಎರಡನೆಯ ಮನೆ ಕೊಳ್ಳುವವರು ಶೇ. 3ರ ಹೆಚ್ಚುವರಿ ಸುಂಕ ಕಟ್ಟಲೇಬೇಕಿತ್ತು ನಿಜ. ಆದರೆ ಮೂಲ ಸುಂಕದ ವಿನಾಯಿತಿ ಅವರಿಗೂ ಸಿಕ್ಕಿತು. ಪಕ್ಕದ ವೇಲ್ಸ್ ಬೇರೆ ದಾರಿ ಹಿಡಿಯಿತು. ಅಲ್ಲಿನ ಸರ್ಕಾರವೂ ವಿನಾಯಿತಿ ಕೊಟ್ಟಿತು, ಆದರೆ ಎರಡನೆಯ ಮನೆಗೆ ಕೊಡಲಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ಎರಡನೆಯ ಮನೆಯ ಮೇಲಿನ ಸುಂಕವನ್ನು ಇನ್ನೂ ಶೇ. 1 ಏರಿಸಿತು. ಇಂಗ್ಲೆಂಡಿನ ತೀರ್ಮಾನ ತಪ್ಪು ಅಂತ ನಾನು ಆಗಲೂ ಅಂದುಕೊಂಡಿದ್ದೆ, ಈಗಲೂ ಹಾಗೇ ಅನಿಸುತ್ತದೆ. ನಿಂತುಹೋಗಿದ್ದ ಮಾರಾಟ ಶುರುವಾಗಲಿ ಎಂಬುದು ಅವರ ಉದ್ದೇಶ. ಸರಿ. ಆದರೆ ಮಾರಾಟಕ್ಕೆ ಮನೆಯೇ ಇಲ್ಲದ ಸಣ್ಣ ಊರಿನಲ್ಲಿ ಕೊಳ್ಳುವವರ ಕೈಗೆ ಇನ್ನಷ್ಟು ದುಡ್ಡು ಕೊಟ್ಟರೆ ಬೆಲೆ ಏರುತ್ತದೆ, ಬೇರೇನೂ ಆಗುವುದಿಲ್ಲ.

ಸಣ್ಣ ಊರು ಅಂದೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ನಗರದ ಮಾರುಕಟ್ಟೆ ನೋಡಿ ಕಲಿತವರು ಇಲ್ಲೇ ಎಡವುತ್ತಾರೆ. ಸುಮ್ನೆ ಲೆಕ್ಕಕ್ಕೆ ಒಂದು ಊರು ಇಟ್ಟುಕೊಳ್ಳಿ. ಒಟ್ಟು 400 ಮನೆ. ವರ್ಷಕ್ಕೆ ಮಾರಾಟಕ್ಕೆ ಬರುವುದು ಹತ್ತೋ ಹನ್ನೆರಡೋ. ಸಾಮಾನ್ಯ ವರ್ಷದಲ್ಲಿ ಊರಿನ ಏಳೆಂಟು ಕುಟುಂಬ, ಹೊರಗಿನ ಐದಾರು ಕುಟುಂಬ ಕೊಳ್ಳಲು ನೋಡುತ್ತಿರುತ್ತವೆ. ಈಗ ಹೊರಗಿನಿಂದ ಇಪ್ಪತ್ತು ಕುಟುಂಬ ಜಾಸ್ತಿ ಬಂದವು ಅನ್ನಿ. ದೊಡ್ಡ ನಗರದಲ್ಲಿ ಇಪ್ಪತ್ತು ಜನ ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಮಾತ್ರ ಮಾರುಕಟ್ಟೆಯೇ ತಲೆಕೆಳಗಾಗುತ್ತದೆ.

ಪೈಪೋಟಿಯೂ ಸಮವಲ್ಲ. ನಗರದಲ್ಲಿ ಒಂದು ಮನೆ ಮಾರಿ ಬಂದವರು ಪೂರ್ತಿ ಹಣ ಕೈಯಲ್ಲೇ ಹಿಡಿದು ಬರುತ್ತಾರೆ. ಊರಿನವರು ಬ್ಯಾಂಕಿಗೆ ಹೋಗಬೇಕು. ಬ್ಯಾಂಕಿನವರು ಬಂದು ಮನೆಗೆ ಬೆಲೆ ಕಟ್ಟಬೇಕು. ಬೆಲೆ ವೇಗವಾಗಿ ಏರುತ್ತಿರುವಾಗ ಅವರು ಕಟ್ಟಿದ ಬೆಲೆ ಮಾಲೀಕರು ಕೇಳಿದ ಬೆಲೆಗಿಂತ ಕಡಿಮೆ ಬರುತ್ತದೆ. ಉಳಿದದ್ದನ್ನು ಕೈಯಿಂದ ಹಾಕಬೇಕು. ಅಷ್ಟರಲ್ಲಿ ವಾರಗಳು ಕಳೆದಿರುತ್ತವೆ, ಮನೆ ಬೇರೆಯವರ ಪಾಲಾಗಿರುತ್ತದೆ. ಇನ್ನೊಂದು ಸಂಕಟ ಹೊರಗೆ ಹೆಚ್ಚು ಕಾಣುವುದಿಲ್ಲ. ತೀರದ ಹಳ್ಳಿಯಲ್ಲಿ ತಿಂಗಳ ಸಂಬಳದವರು ಕಡಿಮೆ. ಮೀನುಗಾರಿಕೆ, ಸೀಸನ್ ಕೆಲಸ, ಸ್ವಂತ ಸಣ್ಣ ವ್ಯಾಪಾರ. ಇಂಥವರಿಗೆ ಸಾಲ ಕೊಡುವಾಗ ಬ್ಯಾಂಕು ಸಾಮಾನ್ಯವಾಗಿ ಹಿಂದಿನ ಎರಡು ಮೂರು ವರ್ಷದ ಲೆಕ್ಕ ಕೇಳುತ್ತದೆ. 2021ರಲ್ಲೋ 2022ರಲ್ಲೋ ಅರ್ಜಿ ಹಾಕಿದವರ ಲೆಕ್ಕದಲ್ಲಿ 2020ರ ಖಾಲಿ ತಿಂಗಳುಗಳು ಎದ್ದು ಕಾಣುತ್ತಿದ್ದವು. ಪಿಡುಗು ಅವರ ಸಂಪಾದನೆಯನ್ನೂ ಕಿತ್ತುಕೊಂಡಿತು, ಆಮೇಲೆ ಸಾಲದ ಯೋಗ್ಯತೆಯನ್ನೂ ಕಡಿಮೆ ಮಾಡಿತು.

ಇಷ್ಟೆಲ್ಲ ಹೇಳಿದ್ದು ಕೊಳ್ಳುವವರ ಬಗ್ಗೆ. ನಿಜವಾದ ಏಟು ಬಿದ್ದದ್ದು ಬಾಡಿಗೆಯವರಿಗೆ.

ಅದು ಹೇಗೆ ಆಗುತ್ತದೆ ಅಂತ ಒಂದೇ ಒಂದು ಮನೆಯ ಲೆಕ್ಕ ಹಾಕಿ ನೋಡೋಣ. ಪ್ರವಾಸಿಗರು ಬರುವ ತೀರದಲ್ಲಿ ಒಂದು ವಾರದ ರಜಾ ಬಾಡಿಗೆ, ಊರಿನವರು ಕೊಡುವ ಒಂದು ತಿಂಗಳ ಬಾಡಿಗೆಗೆ ಸಮ ಅಂತ ಇಟ್ಟುಕೊಳ್ಳಿ. ಬೇಸಿಗೆ ಸೀಸನ್ 12 ವಾರ. ಅಂದರೆ ಆ 12 ವಾರದಲ್ಲೇ ಮಾಲೀಕರಿಗೆ ಇಡೀ ವರ್ಷದ ಬಾಡಿಗೆ ಬಂದುಬಿಡುತ್ತದೆ. ಮಿಕ್ಕ 40 ವಾರ ಮನೆಗೆ ಬೀಗ ಹಾಕಿದ್ದರೂ ನಷ್ಟವಿಲ್ಲ. ಆದರೂ ಎಷ್ಟೋ ಮಾಲೀಕರು ಕೊರೊನಾಗೆ ಮುಂಚೆ ವರ್ಷವಿಡೀ ಇರುವವರಿಗೇ ಕೊಡುತ್ತಿದ್ದರು. ವಾರ ವಾರ ಬೆಡ್‌ಶೀಟ್ ಬದಲಿಸುವುದು, ಕೀಲಿ ಕೊಡುವುದು, ಬುಕಿಂಗ್ ನೋಡಿಕೊಳ್ಳುವುದು ಇವೆಲ್ಲ ತಲೆನೋವು. ಗುರುತಿನ ಕುಟುಂಬ ಒಂದು ಇದ್ದರೆ ಮನೆಯನ್ನು ಅವರೇ ನೋಡಿಕೊಳ್ಳುತ್ತಾರೆ. ಈಗ ವಿದೇಶಕ್ಕೆ ಹೋಗಲಾಗದೆ ಜನರೆಲ್ಲ ತಮ್ಮ ದೇಶದ ತೀರಕ್ಕೇ ಬಂದರು. ಮನೆಯಿಂದಲೇ ಕೆಲಸ ಇದ್ದುದರಿಂದ ಸೀಸನ್ ಮುಗಿದ ಮೇಲೂ ಉಳಿದರು. 12 ವಾರ 20 ವಾರವಾಯಿತು. ವಾರದ ದರವೂ ಏರಿತು. ಆ ಹೊತ್ತಿಗೆ ಮಾಲೀಕರ ಮನಸ್ಸು ಬದಲಾಯಿತು.

ಬಾಡಿಗೆದಾರರನ್ನು ಕಾಪಾಡಲು ಸರ್ಕಾರಗಳು ನಿಯಮ ಮಾಡಲಿಲ್ಲವೇ ಅಂತ ಕೇಳಬಹುದು. ಮಾಡಿದವು. ಅಮೆರಿಕದಲ್ಲಿ ರೋಗ ನಿಯಂತ್ರಣ ಕೇಂದ್ರ ಬಾಡಿಗೆದಾರರನ್ನು ಎಬ್ಬಿಸಬಾರದೆಂದು 2020ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಆದೇಶ, ಮತ್ತೆ ಮತ್ತೆ ವಿಸ್ತರಣೆಯಾಗಿ, 2021ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟ್ ತಡೆಯುವವರೆಗೆ ನಡೆಯಿತು. ಆದರೆ ಅದು ಕಾಪಾಡಿದ್ದು ಬಾಡಿಗೆ ಕಟ್ಟಲಾಗದವರನ್ನು. ತೀರದ ಹಳ್ಳಿಯಲ್ಲಿ ಎಷ್ಟೋ ಜನರನ್ನು ಎಬ್ಬಿಸಿದ್ದು ಬಾಡಿಗೆ ಬಾಕಿಗೆ ಅಲ್ಲ. ಮನೆ ಮಾರಾಟವಾಯಿತು, ಮಗಳು ಬಂದು ಇರುತ್ತಾಳೆ, ಕರಾರಿನ ಅವಧಿ ಮುಗಿಯಿತು, ಇಂಥ ಮಾತಿಗೆ. ಪ್ರತಿ ತಿಂಗಳೂ ತಪ್ಪದೆ ಬಾಡಿಗೆ ಕಟ್ಟಿದವರಿಗೂ ಮನೆ ಬಿಡಿ ಎಂಬ ಪತ್ರ ಬಂತು. ಅದನ್ನು ಕೈಯಲ್ಲಿ ಹಿಡಿದು ಹುಡುಕಲು ಹೊರಟರೆ ಊರಿನಲ್ಲಿ ಬೇರೆ ಬಾಡಿಗೆ ಮನೆ ಒಂದೂ ಇಲ್ಲ.

ಕೊರೊನಾ ಇದನ್ನೆಲ್ಲ ಹೊಸದಾಗಿ ಹುಟ್ಟಿಸಲಿಲ್ಲ ಎಂಬುದನ್ನು ನೀವು ಗಮನದಲ್ಲಿ ಇಟ್ಟುಕೊಳ್ಳಬೇಕು. ಅಮೆರಿಕದ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳು ವರ್ಷವಿಡೀ ವಾಸಕ್ಕೆ ಇಲ್ಲ, ರಜೆಗೆ ಇವೆ. ಅಲ್ಲಿ ಮನೆ ಬದಲಾಯಿಸುವ ಆಟಕ್ಕೆ 'ಶಫಲ್' ಎಂಬ ಹೆಸರೇ ಇದೆ, ಇಸ್ಪೀಟು ಕಲಸುವುದಕ್ಕೆ ಹೇಳುತ್ತಾರಲ್ಲ, ಆ ಶಬ್ದ. ಚಳಿಗಾಲದಲ್ಲಿ ಒಂದು ಒಳ್ಳೆಯ ಮನೆ ಕಡಿಮೆ ಬಾಡಿಗೆಗೆ ಸಿಗುತ್ತದೆ. ಬೇಸಿಗೆ ಹತ್ತಿರ ಬಂದ ಹಾಗೆ ಅದನ್ನು ಖಾಲಿ ಮಾಡಬೇಕು. ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿ ಅದೇ ಹಳೆಯ ರಟ್ಟಿನ ಡಬ್ಬಗಳಿಗೆ ತುಂಬುವುದು. ಡಬ್ಬದ ಮೇಲೆ ಹೋದ ಸಲ ಬರೆದ 'ಅಡುಗೆಮನೆ', 'ಮಕ್ಕಳ ಬಟ್ಟೆ' ಹಾಗೇ ಇರುತ್ತದೆ, ಮತ್ತೆ ಬರೆಯಬೇಕಾಗಿಯೂ ಇಲ್ಲ. ಬೇಸಿಗೆಯಿಡೀ ಯಾರದೋ ಹಿತ್ತಲಿನ ಕೋಣೆ, ಬಂಧುಗಳ ಮನೆ, ಡೇರೆ. ಸೀಸನ್ ಮುಗಿದ ಮೇಲೆ ಇನ್ನೊಂದು ಮನೆ. ಶಾಲೆಗೆ ಹೋಗುವ ಮಗುವಿಗೆ ವರ್ಷಕ್ಕೆ ಎರಡು ವಿಳಾಸ. ಹೀಗೂ ಜನ ಬಾಳು ಸಾಗಿಸಿದ್ದರು. ಪಿಡುಗಿನ ವರ್ಷದಲ್ಲಿ ಈ ಆಟವೂ ನಿಂತಿತು. ರಜಾ ಮನೆಯವರು ಚಳಿಗಾಲದಲ್ಲೂ ಅಲ್ಲೇ ಉಳಿದರು, ಇಲ್ಲವೇ ಮನೆ ಮಾರಿದರು. ಶಫಲ್ ಮಾಡಲು ಮನೆಯೇ ಇರಲಿಲ್ಲ.

ಹಾಗಾದರೆ ಹೊಸ ಮನೆ ಕಟ್ಟುವುದು? ಕಟ್ಟಬೇಕು, ಖಂಡಿತ ಕಟ್ಟಬೇಕು. ಆದರೆ ಅದೊಂದೇ ಸಾಕು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ತೀರದಲ್ಲಿ ಕಟ್ಟುವುದು ಬೇರೆ ಕಡೆಗಿಂತ ಕಷ್ಟ. ಒಂದು ಕಡೆ ನೀರು, ಇನ್ನೊಂದು ಕಡೆ ಬೆಟ್ಟವೋ ಜೌಗೋ ಕಾಯ್ದಿಟ್ಟ ಪ್ರದೇಶವೋ ಇರುತ್ತದೆ. ದಡ ಕೊರೆಯುತ್ತದೆ, ನೆರೆ ಬರುತ್ತದೆ, ವಿಮೆ ದುಬಾರಿ. ಒಳಚರಂಡಿ ಇಲ್ಲದೆ ಪ್ರತಿ ಮನೆಗೂ ಸೆಪ್ಟಿಕ್ ಟ್ಯಾಂಕ್ ಬೇಕಾದರೆ ಸಣ್ಣ ಸೈಟಿನಲ್ಲಿ ಇನ್ನೊಂದು ಮನೆ ಕಟ್ಟಲು ಜಾಗವೇ ಸಿಗುವುದಿಲ್ಲ. ಕುಡಿಯುವ ನೀರಂತೂ ದೊಡ್ಡ ಪ್ರಶ್ನೆ. ಕ್ಯಾಲಿಫೋರ್ನಿಯಾದ ಬೊಲಿನಾಸ್ ಎಂಬ ಪುಟ್ಟ ಊರಿನಲ್ಲಿ 1971ರಿಂದ ಹೊಸ ನೀರಿನ ಸಂಪರ್ಕ ಕೊಡುವುದನ್ನೇ ನಿಲ್ಲಿಸಿದ್ದಾರೆ. ಅಲ್ಲಿ ಮನೆ ಕಟ್ಟಬೇಕೆಂದರೆ ಮೊದಲು ಒಂದು ನೀರಿನ ಮೀಟರ್ ಸಂಪಾದಿಸಬೇಕು, ಅದಕ್ಕೇ ದೊಡ್ಡ ಮೊತ್ತ ಬೇಕು. ಕೊರೊನಾ ಕಾಲದಲ್ಲಿ ಇದಕ್ಕೆಲ್ಲ ಸಾಮಾನಿನ ಬೆಲೆಯೂ ಸೇರಿತು. 2021ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಮರದ ಬೆಲೆ ಪಿಡುಗಿಗೆ ಮುಂಚಿನ ನಾಲ್ಕು ಪಟ್ಟಿನಷ್ಟಾಗಿತ್ತು. ಊರಿನಲ್ಲಿದ್ದ ನಾಲ್ಕಾರು ಬಡಗಿಗಳು, ಪ್ಲಂಬರ್‌ಗಳು ಹೊಸದಾಗಿ ಮನೆ ಕೊಂಡವರ ಅಡುಗೆಮನೆ ಬದಲಿಸುವುದರಲ್ಲೇ ತಿಂಗಳುಗಟ್ಟಲೆ ಬಿಡುವಿಲ್ಲದೆ ಇದ್ದರು.

ಇದೆಲ್ಲ ದಾಟಿ ಹತ್ತು ಮನೆ ಕಟ್ಟಿದಿರಿ ಅನ್ನಿ. ಅವು ಯಾರಿಗೆ ಹೋಗುತ್ತವೆ? ಯಾವ ಷರತ್ತೂ ಇಲ್ಲದಿದ್ದರೆ, ಹೆಚ್ಚು ಕೊಟ್ಟವರಿಗೆ. ತಳ ಒಡೆದ ಕೊಡಕ್ಕೆ ಎಷ್ಟು ನೀರು ಸುರಿದರೂ ಅಷ್ಟೇ. ಸಂಜೆ ಹೊತ್ತು, ಸೀಸನ್ ಅಲ್ಲದ ತಿಂಗಳಲ್ಲಿ ಇಂಥ ಒಂದು ಊರಿನ ಬೀದಿಯಲ್ಲಿ ನಡೆದು ನೋಡಿ. ಬಾಗಿಲ ಪಕ್ಕ ಅಂಕಿ ಒತ್ತಿ ತೆಗೆಯುವ ಪುಟ್ಟ ಕೀಲಿ ಪೆಟ್ಟಿಗೆ ಎಷ್ಟು ಮನೆಗಿದೆ, ಯಾವ ಕಿಟಕಿಯಲ್ಲಿ ದೀಪ ಇದೆ ಅಂತ ಎಣಿಸುತ್ತಾ ಹೋಗಿ. ಹೊಸದಾಗಿ ಬಣ್ಣ ಬಳಿದ ಮನೆಗಳೇ ಕತ್ತಲಾಗಿರುತ್ತವೆ. ಆ ಊರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಹೆಂಗಸು, ಶಾಲೆಯ ಬಸ್ ಓಡಿಸುವವರು, ಬೆಂಕಿ ಬಿದ್ದರೆ ಓಡಿ ಬರಬೇಕಾದವರು ದೂರದ ಊರಿನಲ್ಲಿ ಮನೆ ಹಿಡಿದು ದಿನಾ ಓಡಾಡುತ್ತಿರುತ್ತಾರೆ. ಮನೆ ಇಲ್ಲದ ಊರು ಅಲ್ಲ ಅದು. ಮನೆಗಳು ವರ್ಷವಿಡೀ ಇರುವವರ ಕೈಯಿಂದ ಜಾರಿಹೋದ ಊರು. ನಿಮ್ಮ ಅಧ್ಯಯನ ಪೂರ್ತಿ ಈ ಜಾರುವಿಕೆಯ ಮೇಲೆ ನಿಲ್ಲಲಿ ಅಂತ ನನ್ನ ಆಸೆ.

ಜಾರುವುದನ್ನು ತಡೆಯಲು ಯಾರು ಯಾರು ಏನೇನು ಮಾಡಿದರು ಎನ್ನುವುದು ಕುತೂಹಲದ ಕಥೆ. ಎಲ್ಲವೂ ಸಮನಾಗಿ ಫಲ ಕೊಟ್ಟಿಲ್ಲ.

ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಸೇಂಟ್ ಐವ್ಸ್ ಎಂಬ ಊರು ಇದೆ. 2016ರ ಮೇ ತಿಂಗಳಲ್ಲಿ ಅಲ್ಲಿ ಮತ ಹಾಕಿದವರಲ್ಲಿ ಶೇ. 80ಕ್ಕೂ ಹೆಚ್ಚು ಜನ ಒಂದು ನಿಯಮವನ್ನು ಒಪ್ಪಿದರು. ಊರಿನಲ್ಲಿ ಇನ್ನು ಮುಂದೆ ಕಟ್ಟುವ ಮನೆಗಳಲ್ಲಿ ಖಾಯಂ ವಾಸ ಮಾಡುವವರೇ ಇರಬೇಕು ಎಂಬುದು ಆ ನಿಯಮ. ಧೈರ್ಯದ ಹೆಜ್ಜೆ ಅದು. ಆದರೆ ನಿಯಮ ಇದ್ದದ್ದು ಹೊಸ ಮನೆಗೆ ಮಾತ್ರ. ರಜಾ ಮನೆ ಬೇಕಾದವರಿಗೆ ಹಳೆಯ ಮನೆಗಳ ದಾರಿ ತೆರೆದೇ ಇತ್ತು. ಮೀನುಗಾರರು ಬಾಳಿದ ಹಳೆಯ ಓಣಿಗಳ ಮನೆಗಳೇ ಅವರಿಗೆ ಬೇಕಾದದ್ದೂ ಹೌದು. 2022ರ ಜೂನ್‌ನಲ್ಲಿ ಯಾರ್ಕ್‌ಷೈರ್ ತೀರದ ವಿಟ್ಬಿಯಲ್ಲೂ ಇಂಥದ್ದೇ ಮತದಾನ ನಡೆಯಿತು. ಮತ ಹಾಕಿದವರಲ್ಲಿ ಶೇ. 93ರಷ್ಟು ಜನ ಹೌದು ಅಂದರು. ಅದಕ್ಕೆ ಕಾನೂನಿನ ಬಲ ಇರಲಿಲ್ಲ, ಆದರೂ ಜನರ ಸಂಕಟ ಎಷ್ಟಿತ್ತು ಅನ್ನುವುದಕ್ಕೆ ಅದೊಂದು ಅಳತೆ.

ತೆರಿಗೆಯ ದಾರಿ ಹಿಡಿದವರಲ್ಲಿ ವೇಲ್ಸ್ ಬಹಳ ದೂರ ಹೋಗಿದೆ. 2023ರ ಏಪ್ರಿಲ್‌ನಿಂದ ಎರಡನೆಯ ಮನೆಗಳ ಮೇಲೆ ಮಾಮೂಲಿ ಸ್ಥಳೀಯ ತೆರಿಗೆಯ ಜೊತೆಗೆ ಶೇ. 300ರ ವರೆಗೆ ಹೆಚ್ಚುವರಿ ಹಾಕಲು ಅಲ್ಲಿನ ಕೌನ್ಸಿಲ್‌ಗಳಿಗೆ ಅವಕಾಶ ಇದೆ. ಇಲ್ಲಿ ಒಂದು ಕಳ್ಳದಾರಿ ಇತ್ತು. ನನ್ನದು ರಜಾ ಮನೆ ಅಲ್ಲ, ಪ್ರವಾಸಿಗರಿಗೆ ಕೊಡುವ ವ್ಯಾಪಾರ ಅಂತ ತೋರಿಸಿದರೆ ಮನೆ ವ್ಯಾಪಾರದ ತೆರಿಗೆಗೆ ದಾಟಿಬಿಡುತ್ತಿತ್ತು. ಸಣ್ಣ ವ್ಯಾಪಾರಕ್ಕೆ ರಿಯಾಯಿತಿ ಇದ್ದುದರಿಂದ ಎಷ್ಟೋ ಜನ ಏನೂ ಕಟ್ಟಬೇಕಾಗಿ ಬರುತ್ತಿರಲಿಲ್ಲ. ಅದನ್ನು ಮುಚ್ಚಲು ವರ್ಷಕ್ಕೆ ಕನಿಷ್ಠ 182 ದಿನ ನಿಜವಾಗಿ ಬಾಡಿಗೆಗೆ ಹೋಗಿರಬೇಕು ಅಂತ ನಿಯಮ ಬಿಗಿ ಮಾಡಿದರು. ಇಂಗ್ಲೆಂಡಿನಲ್ಲಿ ಅದೇ ಮಿತಿ 70 ದಿನ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಎರಡು ಸರ್ಕಾರಗಳ ಮನಸ್ಸು ಗೊತ್ತಾಗುತ್ತದೆ. 2022ರ ಅಕ್ಟೋಬರ್‌ನಲ್ಲಿ ವೇಲ್ಸ್ ಖಾಯಂ ಮನೆ, ಎರಡನೆಯ ಮನೆ, ಪ್ರವಾಸಿ ಮನೆ ಎಂದು ಮೂರು ಬೇರೆ ಬೇರೆ ಬಳಕೆಗಳನ್ನೂ ಕಾನೂನಿನಲ್ಲಿ ಗುರುತಿಸಿತು. ಅದಕ್ಕೂ ಮುಂಚೆ ಇವೆಲ್ಲ ಬರೀ ಮನೆ. ಹೆಸರೇ ಇಲ್ಲದ್ದನ್ನು ಎಣಿಸುವುದೂ ಕಷ್ಟ, ತಡೆಯುವುದೂ ಕಷ್ಟ.

ಕೆನಡಾದ ನೋವಾ ಸ್ಕೋಶಿಯಾ 2022ರ ಏಪ್ರಿಲ್ 1ರಿಂದ ಹೊರ ಪ್ರಾಂತ್ಯದವರು ಮನೆ ಕೊಂಡರೆ ಶೇ. 5 ವರ್ಗಾವಣೆ ತೆರಿಗೆ ಹಾಕಿತು. ಆರು ತಿಂಗಳೊಳಗೆ ಬಂದು ನೆಲೆಸುವವರಿಗೆ ವಿನಾಯಿತಿ. ಈ ವಿನಾಯಿತಿ ನನಗೆ ಇಷ್ಟವಾಯಿತು. ಎಲ್ಲಿ ಹುಟ್ಟಿದಿರಿ ಅಂತ ಅದು ಕೇಳುವುದಿಲ್ಲ, ಇಲ್ಲಿ ಬಾಳುತ್ತೀರಾ ಅಂತ ಕೇಳುತ್ತದೆ. ಆದರೆ ಜೊತೆಯಲ್ಲೇ ಯೋಚಿಸಿದ್ದ ಪ್ರತಿ ವರ್ಷದ ಹೆಚ್ಚುವರಿ ಆಸ್ತಿ ತೆರಿಗೆಯನ್ನು ವಿರೋಧ ಬಂದ ಕೂಡಲೇ ಕೈಬಿಟ್ಟರು. ಪಕ್ಕದ ಪ್ರಿನ್ಸ್ ಎಡ್ವರ್ಡ್ ದ್ವೀಪ ಬಹಳ ಮೊದಲೇ, 1982ರ ಕಾಯ್ದೆಯಲ್ಲೇ, ಅಲ್ಲಿ ನೆಲೆಸದವರು 5 ಎಕರೆಗಿಂತ ಹೆಚ್ಚು ಭೂಮಿ ಅಥವಾ 165 ಅಡಿಗಿಂತ ಉದ್ದದ ತೀರ ಕೊಳ್ಳಲು ಸರ್ಕಾರದ ಅನುಮತಿ ಬೇಕು ಎಂದಿತ್ತು. ಆಸ್ಟ್ರೇಲಿಯಾದ ಬೈರನ್ ತೀರದಲ್ಲಿ, ಮಾಲೀಕರು ಇಲ್ಲದ ಪ್ರವಾಸಿ ಬಾಡಿಗೆಗೆ ವರ್ಷಕ್ಕೆ 60 ದಿನದ ಮಿತಿ ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ. ಪಿಡುಗಿನ ಬೆಲೆ ಏರಿಕೆ ಎಲ್ಲ ಮುಗಿದ ಮೇಲೆ!

ತೆರಿಗೆ, ದಿನದ ಮಿತಿ, ಇವು ಬೇಕು. ಆದರೆ ಶ್ರೀಮಂತರಾದವರು ತೆರಿಗೆ ಕಟ್ಟಿಯೂ ಮನೆ ಇಟ್ಟುಕೊಳ್ಳುತ್ತಾರೆ. ನನ್ನ ನಂಬಿಕೆ ಇರುವುದು ಮನೆಯ ಪತ್ರಕ್ಕೇ ಷರತ್ತು ಸೇರಿಸುವ ದಾರಿಯಲ್ಲಿ. ಮಾಲೀಕರು ಬದಲಾದರೂ ಷರತ್ತು ಮನೆಯ ಜೊತೆಯಲ್ಲೇ ಹೋಗುತ್ತದೆ. ಸ್ಕಾಟ್ಲೆಂಡಿನಲ್ಲಿ 2003ರ ಒಂದು ಕಾಯ್ದೆಯಡಿ ಗ್ರಾಮೀಣ ವಸತಿ ಸಂಸ್ಥೆಗಳು ತಾವು ಕೊಟ್ಟ ಸೈಟು ಅಥವಾ ಮನೆ ಮತ್ತೆ ಮಾರಾಟಕ್ಕೆ ಬಂದಾಗಲೆಲ್ಲ ಮೊದಲು ತಾವೇ ಕೊಳ್ಳುವ ಹಕ್ಕನ್ನು ಪತ್ರದಲ್ಲಿ ಇಟ್ಟುಕೊಳ್ಳಬಹುದು. ಕಡಿಮೆ ಬೆಲೆಗೆ ಸಿಕ್ಕ ಮನೆ ಮುಂದಿನವರಿಗೂ ಅದೇ ಪ್ರಮಾಣದ ಕಡಿಮೆ ಬೆಲೆಗೆ ಹೋಗುತ್ತದೆ. ಡೆನ್ಮಾರ್ಕ್‌ನ ಹಲವು ಕಡೆ ಖಾಯಂ ವಾಸದ ಮನೆಯನ್ನು ರಜಾ ಮನೆ ಮಾಡುವ ಹಾಗಿಲ್ಲ, ವರ್ಷವಿಡೀ ಅದರಲ್ಲಿ ಯಾರಾದರೂ ವಾಸ ಇರಬೇಕು. ಅಲ್ಲಿ ರಜಾ ಮನೆಗಳಿಗೆ ಬೇರೆಯೇ ಜಾಗ ಗುರುತಿಸಿದ್ದಾರೆ.

ಭೂಮಿಯನ್ನೇ ಸಮುದಾಯ ಇಟ್ಟುಕೊಂಡರೆ ಇನ್ನೂ ಗಟ್ಟಿ. ಸ್ಕಾಟ್ಲೆಂಡಿನ ಗೀಯಾ ದ್ವೀಪವನ್ನು ಅಲ್ಲಿನ ಜನರೇ ಸೇರಿ 2002ರಲ್ಲಿ ಕೊಂಡರು. ಆಗ ಅಲ್ಲಿದ್ದವರು ನೂರು ಜನರಷ್ಟು. ಮನೆಗಳನ್ನು ರಿಪೇರಿ ಮಾಡಿದರು, ಹೊಸದನ್ನು ಕಟ್ಟಿದರು, ವರ್ಷಗಳು ಕಳೆದ ಹಾಗೆ ಸಂಖ್ಯೆ 150 ದಾಟಿತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಓರ್ಕಸ್ ದ್ವೀಪದಲ್ಲಿ ಓಪಲ್ ಎಂಬ ಭೂ ಟ್ರಸ್ಟ್ 1989ರಿಂದ ಇದೇ ಕೆಲಸ ಮಾಡುತ್ತಿದೆ. ಮನೆ ನಿಮ್ಮದು, ಅಡಿಯ ನೆಲ ಟ್ರಸ್ಟಿನದು. ಮಾರುವಾಗ ಮಿತಿಯೊಳಗಿನ ಲಾಭ ನಿಮಗೆ. ಅಮೆರಿಕದ್ದೇ ಮ್ಯಾಸಚೂಸೆಟ್ಸ್ ರಾಜ್ಯದ ಪ್ರಾವಿನ್ಸ್‌ಟೌನ್ ಎಂಬ ಊರು, ರಜಾ ಫ್ಲಾಟುಗಳಾಗಿದ್ದ ಹಾರ್ಬರ್ ಹಿಲ್ ಎಂಬ ಕಟ್ಟಡವನ್ನೇ ಕೊಂಡು ವರ್ಷವಿಡೀ ಇರುವವರಿಗೆ ಬಾಡಿಗೆಗೆ ಕೊಟ್ಟಿತು. ಬಾಡಿಗೆ ಮಾರುಕಟ್ಟೆ ದರದಲ್ಲೇ ಇದೆ, ತೀರಾ ಬಡವರಿಗೆ ಎಟುಕುವುದಿಲ್ಲ. ಆದರೆ ಬೇಸಿಗೆ ಬಂತೆಂದು ಡಬ್ಬ ಕಟ್ಟಬೇಕಾಗಿಲ್ಲ. ಆ ಊರಿನಲ್ಲಿ ಅದೇ ದೊಡ್ಡದು.

ಇದರ ಇನ್ನೊಂದು ಮುಖವನ್ನೂ ನೀವು ಬರೆಯಬೇಕು. ಮನೆಯನ್ನು ಪ್ರವಾಸಿಗರಿಗೆ ಕೊಡುವವರು, ಹೊರಗಿನವರಿಗೆ ಮಾರುವವರು ಎಷ್ಟೋ ಸಲ ಊರಿನವರೇ. ದೋಣಿಯ ಮೇಲೆ ಬಾಳು ಕಳೆದು ಮುದುಕರಾದವರಿಗೆ ಪಿಂಚಣಿ ಇಲ್ಲ, ಮನೆಯೇ ಪಿಂಚಣಿ. ಅಂಥವರ ಮನೆಗೆ ಷರತ್ತು ಹಾಕಿದರೆ ಅದರ ಬೆಲೆ ಇಳಿಯುತ್ತದೆ. ಪರಿಹಾರ ಕೊಡದೆ ಇಳಿಸುವುದು ನ್ಯಾಯ ಅಂತ ನನಗೆ ಅನಿಸುವುದಿಲ್ಲ. ಇಲ್ಲಿ ಒಂದು ಗುಡ್ಡಗಾಡಿನ ಊರಿನಿಂದ ಕಲಿಯಬಹುದು. ಅಮೆರಿಕದ ಕೊಲರಾಡೋ ರಾಜ್ಯದ ವೇಲ್ 2017ರಿಂದ ಮಾಲೀಕರಿಗೆ ಹಣ ಕೊಟ್ಟು ಷರತ್ತನ್ನು ಕೊಂಡುಕೊಳ್ಳುತ್ತಿದೆ. ಮನೆ ಮಾಲೀಕರದ್ದೇ, ಬೆಲೆಗೂ ಮಿತಿ ಇಲ್ಲ. ಆದರೆ ಅದರಲ್ಲಿ ಇರುವವರು ಆ ಕೌಂಟಿಯಲ್ಲಿ ವಾರಕ್ಕೆ ಸರಾಸರಿ 30 ಗಂಟೆ ಕೆಲಸ ಮಾಡುವವರಾಗಿರಬೇಕು. ಹೊಸ ಮನೆ ಕಟ್ಟುವುದಕ್ಕಿಂತ ಇದು ಅಗ್ಗ, ಬೇಗ ಆಗುವ ಕೆಲಸ, ನೀರಿನ ಮೀಟರೂ ಬೇಡ. 2020ರ ಬೇಸಿಗೆಯಲ್ಲಿ, ಬೆಲೆ ಏರುವ ಮುಂಚೆ, ತೀರದ ಊರುಗಳ ಕೈಯಲ್ಲಿ ಇಂಥ ಒಂದು ನಿಧಿ ಸಿದ್ಧವಾಗಿ ಇದ್ದಿದ್ದರೆ ಎಷ್ಟೋ ಕುಟುಂಬಗಳು ತಮ್ಮ ಊರಲ್ಲೇ ಉಳಿಯುತ್ತಿದ್ದವು. ಮ್ಯಾಸಚೂಸೆಟ್ಸ್‌ನ ನ್ಯಾಂಟಕೆಟ್ ದ್ವೀಪವನ್ನು ನೋಡಿ. ಅಲ್ಲಿ 1983ರಿಂದ ಮನೆ, ಭೂಮಿ ಮಾರಾಟದ ಮೇಲೆ ಶೇ. 2 ಶುಲ್ಕ ಇದೆ, ಆ ಹಣದಿಂದ ಬಯಲು, ತೀರಗಳನ್ನು ಕೊಂಡು ಕಾಪಾಡುತ್ತಾರೆ. ಒಳ್ಳೆಯ ಕೆಲಸ. ದುಬಾರಿ ಮಾರಾಟಗಳ ಮೇಲೆ ಅಂಥದ್ದೇ ಶುಲ್ಕ ಹಾಕಿ ಮನೆಗಳಿಗೂ ಬಳಸಲು ಬಿಡಿ ಎಂದು ದ್ವೀಪದವರು ರಾಜ್ಯ ಸರ್ಕಾರವನ್ನು ವರ್ಷಗಟ್ಟಲೆ ಕೇಳಿದರು. ಪಿಡುಗಿನ ಆ ವರ್ಷಗಳಲ್ಲಿ ದಾಖಲೆ ಬೆಲೆಯ ಮಾರಾಟಗಳು ನಡೆದಾಗಲೂ ಆ ಅನುಮತಿ ಬರಲಿಲ್ಲ.

ಇನ್ನು ನಿಮ್ಮ ಅಧ್ಯಯನ. ಬೆಲೆ ಮತ್ತು ಆದಾಯದ ಅನುಪಾತದಿಂದ ಶುರು ಮಾಡುವವರೇ ಜಾಸ್ತಿ. ಅಲ್ಲೊಂದು ಗುಂಡಿ ಇದೆ, ಹುಷಾರಾಗಿರಿ. ದೂರದ ಕಂಪನಿಯ ಸಂಬಳ ಪಡೆಯುವವರು ಬಂದು ನೆಲೆಸಿದ ಮೇಲೆ ಊರಿನ ಸರಾಸರಿ ಆದಾಯ ಏರುತ್ತದೆ. ಅನುಪಾತ ಸುಧಾರಿಸಿದ ಹಾಗೆ ಕಾಣುತ್ತದೆ. ಅಲ್ಲಿನ ಅಂಗಡಿಯಲ್ಲಿ ಕೆಲಸ ಮಾಡುವವರ ಕೂಲಿ ಮಾತ್ರ ಇದ್ದಲ್ಲೇ ಇರುತ್ತದೆ. ಊರು ಬಿಟ್ಟು ಹೋದವರು ಲೆಕ್ಕದಿಂದಲೇ ಹೋಗಿಬಿಟ್ಟಿರುತ್ತಾರೆ. ಬ್ರಿಟನ್ನಿನ ಅಂಕಿಅಂಶ ಕಚೇರಿ ಅಲ್ಲಿ ವಾಸಿಸುವವರ ಗಳಿಕೆ, ಅಲ್ಲಿ ಕೆಲಸ ಮಾಡುವವರ ಗಳಿಕೆ ಎಂದು ಎರಡು ಬೇರೆ ಲೆಕ್ಕ ಕೊಡುತ್ತದೆ. ನಿಮಗೆ ಬೇಕಾದದ್ದು ಎರಡನೆಯದು. ಜೊತೆಗೆ 2019, 2021, 2023ರ ಶಾಲಾ ದಾಖಲಾತಿ, ಮತದಾರರ ಪಟ್ಟಿ ಪಕ್ಕಪಕ್ಕ ಇಡಿ. ಆಸ್ಪತ್ರೆ, ಶಾಲೆ, ಅಂಗಡಿಯವರನ್ನು ಕಂಡು, ಮನೆ ಸಿಗದೆ ಕೆಲಸ ಬೇಡ ಅಂದವರು ಎಷ್ಟು ಜನ ಅಂತ ಕೇಳಿ.

ಮತ್ತೆ, ಸಾಧ್ಯವಾದರೆ ನೀರಿನ ಮೀಟರ್ ಓದಿದ ಪುಸ್ತಕ ಕೇಳಿ ನೋಡಿ. ಹೆಸರು, ವಿಳಾಸ ಬೇಡ, ಬೀದಿವಾರು ಒಟ್ಟು ಲೆಕ್ಕ ಸಾಕು. ಸೀಸನ್ ಇಲ್ಲದ ತಿಂಗಳಲ್ಲಿ ಎಷ್ಟು ಮೀಟರ್ ತಿರುಗಿದವು, ಎಷ್ಟು ನಿಂತೇ ಇದ್ದವು ಅನ್ನುವುದನ್ನು ಪಿಡುಗಿಗೆ ಮುಂಚಿನ ಒಂದು ವರ್ಷ, ನಂತರದ ಒಂದು ವರ್ಷ ಹೋಲಿಸಿ. ಆ ಎರಡು ಅಂಕಿಗಳನ್ನು ಕಳಿಸಿಕೊಡಿ, ಮುಂದಿನ ಹೆಜ್ಜೆಯನ್ನು ಒಟ್ಟಿಗೆ ಯೋಚಿಸೋಣ.